ಮುಂಬಯಿ ಕನ್ನಡಿಗರ ಮೇಜಿಗೆ ಗಣಕಯಂತ್ರ ಬಂದ ಬಗೆ

೧

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ನಿರ್ಮಿಸಿದವರ ಇತಿಹಾಸವನ್ನೇ ಬರೆಯುತ್ತಾರೆ. ಯಾರು ಯೋಚಿಸಿದರು, ಯಾರು ಹಣ ಕೊಟ್ಟರು, ಯಾವ ವರ್ಷ ಯಾವ ಯಂತ್ರ ಮೊದಲು ನಡೆಯಿತು ಎಂಬ ವಿವರಗಳಿಗೆ ದಾಖಲೆಗಳಿರುತ್ತವೆ. ಆ ಯಂತ್ರವನ್ನು ಕೊಂಡು ಮನೆಗೆ ತಂದು, ಹೂಡಿ, ಅದು ನಡೆಯದೆ ಹೋದಾಗ ಅಪರಾತ್ರಿಯವರೆಗೆ ಅದರ ಮುಂದೆ ಕುಳಿತ ಸಾಮಾನ್ಯ ಮನುಷ್ಯನ ಅನುಭವಕ್ಕೆ ಮಾತ್ರ ದಾಖಲೆ ಇರುವುದಿಲ್ಲ. ಅವನ ಅನುಭವ ದೂರಾಗಿ ಹುಟ್ಟಿ, ಎರಡು ದಿನ ಗೊಣಗಾಟವಾಗಿ ಉಳಿದು, ಮರೆತುಹೋಗುತ್ತದೆ. ಆ ದೂರುಗಳಿಗೂ ಒಂದು ಇತಿಹಾಸವಿದೆಯೆಂದೂ, ಮುಂಬಯಿ ಕನ್ನಡಿಗರ ಮಟ್ಟಿಗೆ ಅದು ನಮ್ಮ ಭಾಷೆಯ ಇತಿಹಾಸದ ಒಂದು ಭಾಗವೇ ಆಗಿದೆಯೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯಕ್ಕೆ ನನ್ನನ್ನು ಎಳೆದುದು ಒಂದು ಬಿಸ್ಕತ್ತಿನ ಡಬ್ಬಿ. ಕೆಲವು ವರ್ಷಗಳ ಹಿಂದೆ ಡೊಂಬಿವಿಲಿಯಲ್ಲಿ ನೆಲೆಸಿದ್ದ ಹಿರಿಯರೊಬ್ಬರು ಆ ಡಬ್ಬಿಯನ್ನು ನನ್ನ ಮುಂದಿಟ್ಟರು. ಅದರೊಳಗೆ ಹನ್ನೊಂದು ಫ್ಲಾಪಿಗಳಿದ್ದುವು. ಅವರು ಎಳವೆಯಲ್ಲಿ ಊರು ಬಿಟ್ಟು ಬಂದು, ಹಗಲು ಕೋಟೆಯ ಹೋಟೆಲೊಂದರಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಬ್ಯಾಂಕಿನ ಗುಮಾಸ್ತರಾಗಿ ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ ಒಂದು ಗಣಕಯಂತ್ರವನ್ನು ಕೊಂಡು, ತಮ್ಮ ಜೀವನದ ನೆನಪುಗಳನ್ನು ತಾವೇ ಕನ್ನಡದಲ್ಲಿ ಬೆರಳಚ್ಚು ಮಾಡಿದ್ದರು. ಆ ಯಂತ್ರ ಕೆಟ್ಟು ಬಹುಕಾಲವಾಗಿತ್ತು. ಮಗನ ಹೊಸ ಯಂತ್ರದಲ್ಲಿ ಫ್ಲಾಪಿಯನ್ನು ತೂರಿಸಲು ಸ್ಥಳವೇ ಇರಲಿಲ್ಲ. ಹೇಗೋ ಒಂದನ್ನು ತೆರೆಯಿಸಿದಾಗ ಪರದೆಯ ಮೇಲೆ ಕಂಡುದು ಕನ್ನಡವಲ್ಲ, ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿ.

“ತಪ್ಪು ನನ್ನದೇ ಇರಬೇಕು ಮಾರಾಯ್ರೇ, ಈ ಕಂಪ್ಯೂಟರಿನ ವಿದ್ಯೆ ನಮ್ಮ ತಲೆಗೆ ಹತ್ತುವುದಲ್ಲ,” ಎಂದರು ಅವರು.

ಈ ಮಾತನ್ನು ನಾನು ಬ್ಯಾಂಕಿನ ಕೌಂಟರಿನ ಆಚೆಯಿಂದಲೂ ಈಚೆಯಿಂದಲೂ ನೂರಾರು ಸಲ ಕೇಳಿದ್ದೇನೆ. ಯಂತ್ರ ಮಾತು ಕೇಳದಿದ್ದರೆ ಬಳಸುವವನು ತನ್ನನ್ನೇ ಹಳಿದುಕೊಳ್ಳುತ್ತಾನೆ. ನಿಜವಾಗಿಯೂ ತಪ್ಪು ಅವನದೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕಾಗುತ್ತದೆ.

೨

ಮುಂಬಯಿ ಅಕ್ಷರಯಂತ್ರಗಳಿಗೆ ಹೊಸ ಊರಲ್ಲ. ಜಾವಜಿ ದಾದಾಜಿಯವರು ೧೮೬೯ರಲ್ಲಿ ಸ್ಥಾಪಿಸಿದ ನಿರ್ಣಯಸಾಗರ ಮುದ್ರಣಾಲಯದ ದೇವನಾಗರಿ ಮೊಳೆಗಳು ದೇಶದಾದ್ಯಂತ ಹೆಸರುವಾಸಿಯಾಗಿದ್ದುವು. ಮುಂಬಯಿಯ ಗೋದ್ರೇಜ್ ಸಂಸ್ಥೆ ೧೯೫೫ರಲ್ಲಿ ತನ್ನ ಮೊದಲ ಬೆರಳಚ್ಚು ಯಂತ್ರವನ್ನು ಹೊರತಂದಿತು; ೨೦೦೯ರಲ್ಲಿ ಅದರ ತಯಾರಿಕೆ ನಿಂತಿತು. ಈ ಅರ್ಧ ಶತಮಾನದಲ್ಲಿ ಕೋಟೆಯ ಕಛೇರಿಗಳಲ್ಲಿ ದುಡಿದ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಅನ್ನ ಕೊಟ್ಟುದು ಬೆರಳಚ್ಚಿನ ವಿದ್ಯೆಯೇ. ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು ಮರುದಿನವೇ ಟೈಪಿಂಗ್ ತರಗತಿಯ ಮೆಟ್ಟಲೇರುತ್ತಿದ್ದನು.

ಆದರೆ ಅವನು ಕಲಿತುದು ಇಂಗ್ಲಿಷಿನ ಬೆರಳಚ್ಚು. ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದ ಕೀರ್ತಿ ಕೆ. ಅನಂತಸುಬ್ಬರಾಯರಿಗೆ ಸಲ್ಲುತ್ತದೆ. ಅವರ ಮುಂದಿದ್ದ ಸಮಸ್ಯೆ ಸಣ್ಣದಲ್ಲ. ಇಂಗ್ಲಿಷಿಗಾಗಿ ಹುಟ್ಟಿದ ಯಂತ್ರದಲ್ಲಿ ಕೀಲಿಗೆ ಎರಡರಂತೆ ತೊಂಬತ್ತರ ಆಸುಪಾಸು ಗುರುತುಗಳಿಗೆ ಮಾತ್ರ ಎಡೆಯಿತ್ತು. ಕನ್ನಡಕ್ಕೋ ಸ್ವರಗಳು, ವ್ಯಂಜನಗಳು, ಅವುಗಳ ಗುಣಿತ, ಅವುಗಳ ಒತ್ತು, ಇವೆಲ್ಲವೂ ಬೇಕು. ಅಕ್ಷರವನ್ನು ತುಂಡುತುಂಡಾಗಿ ಒಡೆದು, ತಲೆಕಟ್ಟನ್ನೂ ಕೊಂಬನ್ನೂ ಒತ್ತನ್ನೂ ಬೇರೆಬೇರೆಯಾಗಿ ಹೊಡೆದು ಕೂಡಿಸುವ ಉಪಾಯವನ್ನು ಹೂಡಬೇಕಾಯಿತು. ಮುಂದೆ ಗಣಕಯಂತ್ರದ ಕಾಲದಲ್ಲಿಯೂ ಇದೇ ಉಪಾಯ ವೇಷ ಬದಲಾಯಿಸಿ ಬಂದಿತೆಂಬುದನ್ನು ವಾಚಕರು ಗಮನದಲ್ಲಿಡಬೇಕು.

ಬೆರಳಚ್ಚು ಯಂತ್ರಕ್ಕೆ ಒಂದು ಗುಣವಿತ್ತು. ಅದರ ದೋಷ ಕಣ್ಣಿಗೆ ಕಾಣುತ್ತಿತ್ತು. ಕಡ್ಡಿ ಬಾಗಿದರೆ, ರಿಬ್ಬನ್ ಒಣಗಿದರೆ, ಮೊಳೆಗೆ ಮಸಿ ಕಟ್ಟಿದರೆ ಬಳಸುವವನಿಗೆ ತಿಳಿಯುತ್ತಿತ್ತು. ಅಂಗಡಿಯಿಂದ ತಂದು ಮೇಜಿನ ಮೇಲಿಟ್ಟೊಡನೆ ಅದು ಕೆಲಸಕ್ಕೆ ಸಿದ್ಧ. ಯಂತ್ರವನ್ನು ಕೊಂಡ ಮೇಲೆ ಅದನ್ನು ಮತ್ತೊಮ್ಮೆ ‘ಹೂಡ’ಬೇಕು, ಹೂಡುವಾಗ ಅದು ಪ್ರಶ್ನೆ ಕೇಳುತ್ತದೆ, ತಪ್ಪು ಉತ್ತರ ಕೊಟ್ಟರೆ ಮುನಿಯುತ್ತದೆ ಎಂಬ ಕಲ್ಪನೆಯೇ ಆ ತಲೆಮಾರಿಗೆ ಇರಲಿಲ್ಲ.

೩

ಗಣಕಯಂತ್ರ ನಮ್ಮ ನಗರಕ್ಕೆ ಬಂದುದು ಬಹಳ ಮೊದಲೇ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ನಿರ್ಮಾಣವಾದ ಯಂತ್ರ ೧೯೬೦ರಲ್ಲಿ ಕಾರ್ಯಾರಂಭ ಮಾಡಿತು. ೧೯೬೨ರಲ್ಲಿ ಅದಕ್ಕೆ ‘ಟಿಫ್ರಾಕ್’ ಎಂದು ನಾಮಕರಣವಾಯಿತು. ಸಾವಿರಾರು ನಿರ್ವಾತ ನಳಿಕೆಗಳನ್ನುಳ್ಳ, ಒಂದು ಕೋಣೆಯನ್ನೇ ತುಂಬಿದ ಯಂತ್ರವದು. ವ್ಯಾಪಾರದ ಲೆಕ್ಕಕ್ಕಾಗಿ ಮುಂಬಯಿಯ ಎಸ್ಸೋ ತೈಲ ಕಂಪನಿ ೧೯೬೧ರಲ್ಲಿ ಐ.ಬಿ.ಎಂ. ೧೪೦೧ ಯಂತ್ರವನ್ನು ತರಿಸಿತು. ಈ ಯಂತ್ರಗಳಿಗೂ ಸಾಮಾನ್ಯನಿಗೂ ನಡುವೆ ಗಾಜಿನ ಗೋಡೆಯಿದ್ದಿತು. ಒಳಗೆ ಬಿಳಿಯಂಗಿಯ ತಜ್ಞರು, ಹೊರಗೆ ಸರದಿಯಲ್ಲಿ ನಿಂತ ಕೆಲಸ. ಯಂತ್ರ ಕೆಟ್ಟರೆ ತಜ್ಞರ ತಲೆನೋವು. ಸಾಮಾನ್ಯನಿಗೆ ಅದರ ಸುದ್ದಿಯೂ ತಲಪುತ್ತಿರಲಿಲ್ಲ.

ಆ ಗೋಡೆ ಮೊದಲು ಬಿರುಕು ಬಿಟ್ಟುದು ಬ್ಯಾಂಕಿನಲ್ಲಿ. ಯಂತ್ರ ಬಂದರೆ ಉದ್ಯೋಗ ಹೋಗುವುದೆಂಬ ಭೀತಿ ನೌಕರ ಸಂಘಗಳಲ್ಲಿ ಬಲವಾಗಿದ್ದಿತು. ಆ ಭೀತಿಯನ್ನು ಇಂದು ನಗೆಯಾಡುವವರು ಆ ಕಾಲದ ಒಂದು ಗುಮಾಸ್ತಿಕೆಯ ಮೇಲೆ ಎಷ್ಟು ಬಾಯಿಗಳು ಅವಲಂಬಿಸಿದ್ದುವೆಂಬುದನ್ನು ನೆನೆಯುವುದಿಲ್ಲ. ೧೯೮೩ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಗಳಿಗೂ ಯಂತ್ರೀಕರಣದ ಬಗೆಗೆ ಒಪ್ಪಂದವಾಯಿತು. ರಿಸರ್ವ್ ಬ್ಯಾಂಕು ಸಿ. ರಂಗರಾಜನ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ ೧೯೮೪ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದರ ಫಲವಾಗಿ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದುವು. ಮುಂಬಯಿಯ ಸಾಮಾನ್ಯ ಕನ್ನಡಿಗನು ಗಣಕಯಂತ್ರದ ಕೀಲಿಯನ್ನು ಮೊದಲ ಬಾರಿಗೆ ಮುಟ್ಟಿದುದು ಬಹುಮಟ್ಟಿಗೆ ಇಲ್ಲಿಯೇ ಎಂದು ನಾನು ಭಾವಿಸುತ್ತೇನೆ. ಏಕೆಂದರೆ ನಮ್ಮ ಕರಾವಳಿ ಬ್ಯಾಂಕುಗಳ ತವರು; ಅಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯ, ಕರ್ಣಾಟಕ ಬ್ಯಾಂಕುಗಳ ಮುಂಬಯಿ ಶಾಖೆಗಳಲ್ಲಿ ಕೌಂಟರಿನ ಎರಡೂ ಕಡೆ ನಮ್ಮವರೇ ಇರುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮ ಸಂಗತಿಯನ್ನು ಹೇಳಬೇಕು. ಕೈಬರಹದ ಲೆಡ್ಜರಿನ ಕಾಲದಲ್ಲಿ ಗ್ರಾಹಕನು ಕನ್ನಡದಲ್ಲಿ ಸಹಿ ಹಾಕುತ್ತಿದ್ದನು. ಕನ್ನಡ ಬಲ್ಲ ಗುಮಾಸ್ತನು ಅದನ್ನು ಓದುತ್ತಿದ್ದನು. ಯಂತ್ರ ಬಂದಾಗ ಖಾತೆದಾರನ ಹೆಸರು ರೋಮನ್ ಲಿಪಿಗೆ ಇಳಿಯಿತು. ಮುಂದೆ ಎಲ್ಲ ಶಾಖೆಗಳನ್ನೂ ಒಂದೇ ಕೇಂದ್ರಕ್ಕೆ ಜೋಡಿಸಿದಾಗ ಸಹಿಯ ಚೀಟಿಯನ್ನು ಛಾಯಾಚಿತ್ರದಂತೆ ತೆಗೆದು ಯಂತ್ರದೊಳಗಿಟ್ಟರು. ಯಂತ್ರದ ಪಾಲಿಗೆ ಅದು ಅಕ್ಷರವಲ್ಲ, ಗೀಟುಗಳ ಚಿತ್ರ. ಹೆಸರಿನ ಕಾಗುಣಿತ ಒಂದೆಡೆ ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ, ಪಿಂಚಣಿಯ ಕಾಗದದಲ್ಲಿ ಮತ್ತೊಂದು ರೀತಿ ಇದ್ದ ಕಾರಣ ಎಷ್ಟೋ ವೃದ್ಧರು ಅಲೆದಾಡಿದುದನ್ನು ನಾನು ಬಲ್ಲೆ. ಕನ್ನಡದಲ್ಲಿ ಬರೆದರೆ ಒಂದೇ ಆಗಿರುವ ಹೆಸರು ರೋಮನ್ ಲಿಪಿಯಲ್ಲಿ ಮೂರಾಯಿತು. ಈ ಅಲೆದಾಟಕ್ಕೆ ಅವರ ಅಜ್ಞಾನ ಕಾರಣವಲ್ಲವೆಂಬುದು ಸ್ಪಷ್ಟ.

೪

ಹಾಗಾದರೆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲವೆ? ಬರುತ್ತಿತ್ತು, ಆದರೆ ಮನೆಗೊಂದು ಕನ್ನಡ ಬರುತ್ತಿತ್ತು.

ಗಣಕಯಂತ್ರ ಅಕ್ಷರಗಳನ್ನು ಸಂಖ್ಯೆಗಳಾಗಿ ನೆನಪಿಡುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದಕ್ಕೆ ಸರ್ವಸಮ್ಮತವಾದ ಕೋಷ್ಟಕವಿರಬೇಕು. ಭಾರತೀಯ ಲಿಪಿಗಳಿಗೆ ಅಂತಹ ಕೋಷ್ಟಕವೊಂದನ್ನು ೧೯೮೮ರಲ್ಲಿ ಸಿದ್ಧಪಡಿಸಿ, ೧೯೯೧ರಲ್ಲಿ ‘ಇಸ್ಕಿ’ ಎಂಬ ಹೆಸರಿನಿಂದ ರಾಷ್ಟ್ರೀಯ ಮಾನಕವನ್ನಾಗಿ ಮಾಡಲಾಯಿತು. ಅದರೊಡನೆ ‘ಇನ್‌ಸ್ಕ್ರಿಪ್ಟ್’ ಎಂಬ ಕೀಲಿಮಣೆ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ವಿನ್ಯಾಸ. ಮರಾಠಿಯ ನಾಡಿನಲ್ಲಿ ಬಾಳುವ ಕನ್ನಡಿಗನಿಗೆ ಇದಕ್ಕಿಂತ ಅನುಕೂಲವಾದುದು ಇನ್ನೊಂದಿರಲಾರದು. ದೇವನಾಗರಿಯಲ್ಲಿ ‘ಕ’ಕಾರವಿರುವ ಕೀಲಿಯೇ ಕನ್ನಡಕ್ಕೂ ‘ಕ’ಕಾರ. ಐ.ಐ.ಟಿ. ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಎಂಬ ಫಲಕವನ್ನು ಯಂತ್ರದ ಒಡಲೊಳಗೆ ಜೋಡಿಸಿದರೆ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಆದರೆ ಆ ಫಲಕವನ್ನು ಬೇರೆಯಾಗಿ ಕೊಳ್ಳಬೇಕು, ಬಲ್ಲವರಿಂದ ಹೂಡಿಸಬೇಕು. ಸಾಮಾನ್ಯನ ಕೈಗೆ ಎಟಕುವ ವಸ್ತು ಅದಾಗಿರಲಿಲ್ಲ.

ಆದುದರಿಂದ ಮುದ್ರಣಾಲಯದವರೂ ಮನೆಯವರೂ ಸುಲಭದ ದಾರಿಯನ್ನು ಹಿಡಿದರು. ಇಂಗ್ಲಿಷಿನ ಫಾಂಟಿನಲ್ಲಿ ರೋಮನ್ ಅಕ್ಷರಗಳಿದ್ದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಬೆರಳಚ್ಚು ಯಂತ್ರದ ಹಳೆಯ ಉಪಾಯವೇ ಇದು. ಒಟ್ಟು ೨೫೬ ಮನೆಗಳು. ಅವುಗಳಲ್ಲಿ ಕೆಲವು ಯಂತ್ರಕ್ಕೇ ಮೀಸಲು. ಉಳಿದವುಗಳಲ್ಲಿ ಯಾವ ಮನೆಗೆ ಯಾವ ತುಂಡು ಎಂಬುದನ್ನು ಒಂದೊಂದು ಕಂಪನಿ ಒಂದೊಂದು ಬಗೆಯಾಗಿ ನಿರ್ಧರಿಸಿತು. ಪರದೆಯ ಮೇಲೆ ಅಚ್ಚಗನ್ನಡ ಕಾಣುತ್ತಿದ್ದರೂ ಯಂತ್ರದ ಮನಸ್ಸಿನಲ್ಲಿ ಇದ್ದುದು ರೋಮನ್ ಅಕ್ಷರಗಳೇ. ಆ ಫಾಂಟಿದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಮುಂಬಯಿಯಿಂದ ಬೆಂಗಳೂರಿಗೆ ಲೇಖನವೊಂದನ್ನು ಕಳುಹಿಸುವವನು ಅದರೊಡನೆ ಫಾಂಟನ್ನೂ ಕಳುಹಿಸಬೇಕಾಗಿತ್ತು. ಪಡೆದವನು ಅದನ್ನು ಹೂಡಲರಿಯದಿದ್ದರೆ ಲೇಖನ ಹೋದಂತೆಯೇ.

ಈ ಅವ್ಯವಸ್ಥೆಯ ನಡುವೆ ಕೆಲವರು ಮಾಡಿದ ಕೆಲಸ ಕೃತಜ್ಞತೆಯಿಂದ ಸ್ಮರಿಸತಕ್ಕುದು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಮುಂಬಯಿಯ ಮುದ್ರಣಕ್ಷೇತ್ರದಲ್ಲಿ ದುಡಿದು, ಅಕ್ಷರಜೋಡಣೆಯ ಮರ್ಮವನ್ನು ಅರಿತವರು. ನುಡಿಯ ಕ್ರಮವನ್ನು ಅನುಸರಿಸುವ ಒಂದು ಕೀಲಿಮಣೆಯನ್ನು ಅವರು ರೂಪಿಸಿದರು. ವ್ಯಂಜನಕ್ಕೆ ಒಂದು ಕೀಲಿ, ಸ್ವರಕ್ಕೆ ಒಂದು ಕೀಲಿ, ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿಯ ಕೀಲಿ. ತುಂಡುಗಳನ್ನು ಕೂಡಿಸುವ ಹೊಣೆ ಯಂತ್ರದ್ದು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಯಿಂದ ‘ಸೇಡಿಯಾಪು’ ಎಂದು ಹೆಸರಿಟ್ಟು, ಅದನ್ನು ಉಚಿತವಾಗಿ ಹಂಚಿದರು. ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಗೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಗೂ ಈ ವಿನ್ಯಾಸವೇ ಆಧಾರವಾಯಿತು. ೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಹೊರಬಂದಿತು. ರೋಮನ್ ಅಕ್ಷರಗಳಲ್ಲಿ ಉಚ್ಚಾರಣೆಯನ್ನು ಹೊಡೆದರೆ ಕನ್ನಡ ಮೂಡುವ ಅದರ ಕ್ರಮ, ಇಂಗ್ಲಿಷ್ ಬೆರಳಚ್ಚನ್ನು ಮಾತ್ರ ಕಲಿತಿದ್ದ ಹೊರನಾಡ ಕನ್ನಡಿಗರಿಗೆ ವರದಂತಾಯಿತು. ಮುಂಬಯಿಯಲ್ಲಿ ನಿವೃತ್ತ ಗುಮಾಸ್ತರನೇಕರು ಲೇಖಕರಾದುದರ ಹಿಂದೆ ಈ ತಂತ್ರಾಂಶಗಳ ಋಣವಿದೆ.

೫

ಇನ್ನು ಹೂಡುವ ಸಂಕಟದ ವಿಚಾರ.

೧೯೯೫ರ ಆಗಸ್ಟಿನಲ್ಲಿ ಬಂದ ವಿಂಡೋಸ್ ೯೫ನ್ನು ಫ್ಲಾಪಿಗಳಲ್ಲಿ ಕೊಂಡವರಿಗೆ ಹದಿಮೂರು ಫ್ಲಾಪಿಗಳ ಕಟ್ಟು ದೊರೆಯುತ್ತಿತ್ತು. ಒಂದೊಂದಾಗಿ ತೂರಿಸುತ್ತ ಹೋಗಬೇಕು. ಹನ್ನೆರಡನೆಯದು ಕೆಟ್ಟಿದ್ದರೆ ಹಿಂದಿನ ಹನ್ನೊಂದರ ಶ್ರಮ ವ್ಯರ್ಥ. ಮುಂಬಯಿಯಲ್ಲಿ ಗಣಕಯಂತ್ರವನ್ನು ಕೊಳ್ಳುವವರ ತೀರ್ಥಕ್ಷೇತ್ರ ಗ್ರಾಂಟ್ ರೋಡಿನ ಬಳಿಯ ಲ್ಯಾಮಿಂಗ್ಟನ್ ರೋಡು. ದಾಖಲೆಯಲ್ಲಿ ಅದಕ್ಕೆ ಡಾ. ದಾದಾಸಾಹೇಬ ಭಡಕಮಕರ ಮಾರ್ಗವೆಂದು ಹೆಸರಿದ್ದರೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ. ಅಲ್ಲಿ ಬಿಡಿಭಾಗಗಳನ್ನು ಆರಿಸಿ ಕೂಡಿಸಿದ ಯಂತ್ರ ಕಂಪನಿಯ ಯಂತ್ರಕ್ಕಿಂತ ಅಗ್ಗ. ಅಂಗಡಿಯವನೇ ಅದರಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ತುಂಬಿಕೊಡುತ್ತಿದ್ದನು. ಮೂಲ ಡಿಸ್ಕನ್ನು ಕೊಡುತ್ತಿದ್ದನೆಂದು ಹೇಳುವಂತಿಲ್ಲ. ಆಗ ಅದು ಯಾರಿಗೂ ಕೊರತೆಯಾಗಿ ತೋರಲಿಲ್ಲ.

ಕೊರತೆ ತಿಳಿದುದು ಕನ್ನಡ ಬೇಕಾದಾಗ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಕೋಷ್ಟಕವಾಗಬೇಕೆಂಬ ಉದ್ದೇಶದ ಯೂನಿಕೋಡ್ ೧೯೯೧ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ‘ಇಸ್ಕಿ’ಯ ಕ್ರಮವೇ ಅದಕ್ಕೆ ತಳಹದಿ. ಆದರೆ ಕೋಷ್ಟಕದಲ್ಲಿ ಸ್ಥಾನ ದೊರೆತುದಕ್ಕೂ ಪರದೆಯ ಮೇಲೆ ಅಕ್ಷರ ಮೂಡುವುದಕ್ಕೂ ಹತ್ತು ವರ್ಷಗಳ ಅಂತರವಿದ್ದಿತು. ೨೦೦೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟೂ ಕನ್ನಡದ ಕೀಲಿಮಣೆಯೂ ಇದ್ದುವು. ಇದ್ದುವಾದರೂ ಎಚ್ಚರಗೊಂಡಿರಲಿಲ್ಲ. ಅವುಗಳನ್ನು ಎಚ್ಚರಿಸಲು ನಿಯಂತ್ರಣ ಫಲಕವನ್ನು ತೆರೆದು, ಪ್ರಾದೇಶಿಕ ಭಾಷೆಗಳ ವಿಭಾಗಕ್ಕೆ ಹೋಗಿ, ಅಲ್ಲಿ ಭಾಷೆಗಳ ಪುಟದಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕಾಗಿತ್ತು. ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಬೇಕಾದ ಕಡತಗಳನ್ನು ಹೂಡು ಎಂಬುದು ಆ ಸಾಲಿನ ಅರ್ಥ. ಕಂಸದಲ್ಲಿ ಥಾಯ್ ಭಾಷೆಯ ಹೆಸರಿತ್ತು, ಕನ್ನಡದ ಹೆಸರಿರಲಿಲ್ಲ. ತನ್ನ ಭಾಷೆ ‘ಸಂಕೀರ್ಣ ಲಿಪಿ’ ಎಂಬ ವರ್ಗಕ್ಕೆ ಸೇರಿದುದೆಂಬುದನ್ನು ಡೊಂಬಿವಿಲಿಯ ನಿವೃತ್ತ ಗುಮಾಸ್ತನು ಹೇಗೆ ಬಲ್ಲನು? ಹೇಗೋ ಅರಿತು ಗುರುತು ಹಾಕಿದನೆನ್ನಿ; ಒಡನೆಯೇ ಯಂತ್ರ ಮೂಲ ಡಿಸ್ಕನ್ನು ಕೇಳುತ್ತಿತ್ತು. ಆ ಡಿಸ್ಕು ಅವನ ಬಳಿ ಇರಲಿಲ್ಲ.

ನನ್ನ ಅನುಭವವನ್ನೇ ಹೇಳುವುದಾದರೆ, ಬ್ಯಾಂಕಿಗೆ ಸೇರಿದ ಹೊಸತರಲ್ಲಿ ಭಾಂಡುಪದ ಒಂದು ಕೋಣೆಯ ಮನೆಯಲ್ಲಿ ಇಂತಹದೇ ಯಂತ್ರವನ್ನು ಹೂಡಿಸಿಕೊಂಡಿದ್ದೆ. ಡಿಸ್ಕು ಕೇಳಿದಾಗ ಭಾನುವಾರ ಬಿಟ್ಟು ಬೇರೆ ದಿನ ಬಿಡುವಿಲ್ಲದ ನಾನು, ಭಾನುವಾರ ಬಾಗಿಲು ತೆರೆಯದ ಅಂಗಡಿಯನ್ನು ಹುಡುಕಿಕೊಂಡು ರಜೆ ಹಾಕಿ ಹೋದೆ. ಅಂಗಡಿಯವನು ನಕ್ಕು, “ಇಂಗ್ಲಿಷ್ ಬರುತ್ತದಲ್ಲ ಸಾಹೇಬ್, ಅದು ಯಾಕೆ ಬೇಕು?” ಎಂದು ಹಿಂದಿಯಲ್ಲಿ ಕೇಳಿದನು. ಅವನ ಪ್ರಶ್ನೆಯಲ್ಲಿ ತಿರಸ್ಕಾರವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಆ ಬೀದಿಯಲ್ಲಿ ಅದನ್ನು ಕೇಳಿದವರು ಅಷ್ಟು ವಿರಳವಾಗಿದ್ದಿರಬೇಕು. ೨೦೦೭ರಲ್ಲಿ ಬಂದ ಮುಂದಿನ ಆವೃತ್ತಿಯಿಂದ ಈ ಚೌಕವೂ ಡಿಸ್ಕಿನ ಬೇಡಿಕೆಯೂ ಇಲ್ಲವಾದುವು. ಆದರೆ ನಡುವಿನ ಆ ಐದಾರು ವರ್ಷಗಳಲ್ಲಿ ಎಷ್ಟೋ ಮಂದಿ ಕನ್ನಡವನ್ನು ಹೂಡುವ ಗೋಜನ್ನು ಬಿಟ್ಟು, ಮಕ್ಕಳಿಗೂ ಸ್ನೇಹಿತರಿಗೂ ರೋಮನ್ ಲಿಪಿಯಲ್ಲಿಯೇ ಕನ್ನಡ ಬರೆಯುವ ರೂಢಿಗೆ ಬಿದ್ದರು. ತೊಡಕು ಹೋಯಿತು, ರೂಢಿ ಉಳಿಯಿತು.

ಬೇರೆ ದಾರಿಯನ್ನು ಹುಡುಕಿದವರೂ ನಮ್ಮ ನಗರದಲ್ಲಿದ್ದರು. ಮುಕ್ತ ತಂತ್ರಾಂಶವಾದ ಲಿನಕ್ಸನ್ನು ಭಾರತೀಯ ಭಾಷೆಗಳಿಗೆ ಒಗ್ಗಿಸಲು ವೆಂಕಟೇಶ ಹರಿಹರನ್, ಪ್ರಕಾಶ ಅಡ್ವಾಣಿಯವರು ‘ಇಂಡ್‌ಲಿನಕ್ಸ್’ ಎಂಬ ಸ್ವಯಂಸೇವಕರ ಯತ್ನವನ್ನು ಆರಂಭಿಸಿದರು. ಟಿಫ್ರಾಕನ್ನು ಕಟ್ಟಿದ ಸಂಸ್ಥೆಯಿಂದ ಕವಲೊಡೆದು ೧೯೮೫ರಲ್ಲಿ ಸ್ವತಂತ್ರವಾಗಿ, ೨೦೦೩ರಲ್ಲಿ ಸಿ-ಡ್ಯಾಕಿನಲ್ಲಿ ಸೇರಿದ ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದಲ್ಲಿಯೂ ಇಂತಹ ಕೆಲಸ ನಡೆಯಿತು. ಹಣ ಬೇಡ, ಅನುಮತಿ ಬೇಡ. ಆದರೆ ಅದನ್ನು ಹೂಡುವಾಗ ಯಂತ್ರದ ಉಗ್ರಾಣವನ್ನು ಭಾಗ ಮಾಡಬೇಕು. ಒಂದು ಉತ್ತರ ತಪ್ಪಿದರೆ ಇದ್ದುದೆಲ್ಲವೂ ಅಳಿಸಿಹೋದೀತು. ಒಂದೇ ಯಂತ್ರವಿರುವ ಮನೆಯವನು ಆ ಸಾಹಸಕ್ಕೆ ಹಿಂಜರಿದರೆ ಅವನನ್ನು ದೂರುವುದು ಹೇಗೆ?

೬

ಅಕ್ಷರಗಳೂ ಬಂದ ಮೇಲೆ ಕೆಲವು ವಿಚಿತ್ರಗಳು ಉಳಿದುವು. ಹಳಗನ್ನಡದ ಅಭ್ಯಾಸಿಗಳಿಗೆ ‘ೞ’ಕಾರ ಅನಿವಾರ್ಯ. ಶಾಸನಪಾಠಗಳನ್ನು ಅದಿಲ್ಲದೆ ಅಚ್ಚು ಮಾಡಲಾಗದು. ಯೂನಿಕೋಡ್ ಕೋಷ್ಟಕದಲ್ಲಿ ಈ ಅಕ್ಷರಕ್ಕೆ ಸ್ಥಾನವಿದೆ. ಆದರೆ ಅಲ್ಲಿ ಅದರ ಹೆಸರು ‘ಫ’ ಎಂದು ತಪ್ಪಾಗಿ ನಮೂದಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬುದು ಆ ಕೋಷ್ಟಕದ ಕಟ್ಟುನಿಟ್ಟಾದ ನಿಯಮ. ಆದುದರಿಂದ ತಪ್ಪು ಹಾಗೆಯೇ ಉಳಿದು, ಅದರ ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಲಾಗಿದೆ. ಪಂಪನ ಕಾಲದ ಅಕ್ಷರವೊಂದು ಲೋಕದ ದಫ್ತರಿನಲ್ಲಿ ಬೇರೆಯವರ ಹೆಸರನ್ನು ಹೊತ್ತು ನಿಂತಿದೆ. ಬ್ಯಾಂಕಿನಲ್ಲಿ ಹೆಸರು ತಪ್ಪಿ ಅಲೆದಾಡಿದ ವೃದ್ಧರ ಪಾಡಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಅರ್ಕಾವತ್ತಿನ ಸಂಗತಿಯೂ ಹೀಗೆಯೇ. ‘ಸೂರ್ಯ’ ಎಂದು ಹೊಡೆದರೆ ಯಂತ್ರ ತಾನಾಗಿ ಅರ್ಕಾವತ್ತನ್ನು ಕೊಡುತ್ತದೆ, ಅದು ಸರಿ. ಆದರೆ ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬೇಡ. ಅದನ್ನು ತಡೆಯಲು ಕಣ್ಣಿಗೆ ಕಾಣದ ಜೋಡಕವೊಂದನ್ನು ನಡುವೆ ಸೇರಿಸಬೇಕು. ಕಾಣದ ಅಕ್ಷರವನ್ನು ಹೊಡೆಯಬೇಕೆಂಬುದು ಯಾವ ಕಾಗುಣಿತದ ಪುಸ್ತಕದಲ್ಲಿಯೂ ಇಲ್ಲ.

೭

ಬಿಸ್ಕತ್ತಿನ ಡಬ್ಬಿಗೆ ಮರಳೋಣ. ಫ್ಲಾಪಿಗಳನ್ನು ಓದುವ ಹಳೆಯ ಸಾಧನವೊಂದನ್ನು ಸ್ನೇಹಿತರಿಂದ ಎರವಲು ತಂದೆ. ಹನ್ನೊಂದರಲ್ಲಿ ಎಂಟು ತೆರೆದುವು; ಮೂರು ತೆರೆಯಲಿಲ್ಲ. ತೆರೆದವುಗಳಲ್ಲಿಯೂ ಅದೇ ರೋಮನ್ ಗೊಂದಲ. ಅವರು ಬಳಸಿದ್ದುದು ಖಾಸಗಿ ಕಂಪನಿಯೊಂದರ ಹಳೆಯ ಫಾಂಟು. ಅದರ ಹೆಸರೂ ಅವರಿಗೆ ನೆನಪಿರಲಿಲ್ಲ. ಅವರ ಮನೆಯಲ್ಲಿ ಉಳಿದಿದ್ದ ಒಂದು ಮುದ್ರಿತ ಪುಟವನ್ನು ಎದುರಿಗಿಟ್ಟುಕೊಂಡು, ಯಾವ ರೋಮನ್ ಅಕ್ಷರಕ್ಕೆ ಕನ್ನಡದ ಯಾವ ತುಂಡು ಎಂಬ ಪಟ್ಟಿಯನ್ನು ಕೈಯಿಂದ ಮಾಡಿದೆ. ಶಾಸನದ ಲಿಪಿಯನ್ನು ಬಿಡಿಸುವವರ ಕೆಲಸದಂತೆಯೇ ಅದು ನಡೆಯಿತು. ಆದರೆ ಈ ಶಾಸನಕ್ಕೆ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ. ನಾಲ್ಕು ತಿಂಗಳಲ್ಲಿ ಎಂಟು ಫ್ಲಾಪಿಗಳ ಬರಹ ಯೂನಿಕೋಡಿಗೆ ಬಂದಿತು. ಒತ್ತಕ್ಷರಗಳು ಅಲ್ಲಲ್ಲಿ ಹಾರಿಹೋಗಿದ್ದುವು. ಅವನ್ನು ಅವರೇ ಕುಳಿತು ತಿದ್ದಿದರು.

ತೆರೆಯದ ಮೂರು ಫ್ಲಾಪಿಗಳಲ್ಲಿ ಇದ್ದುದು ರಾತ್ರಿಶಾಲೆಯ ಅಧ್ಯಾಯ. ಹೋಟೆಲಿನ ಹುಡುಗರು ಎಂಜಲು ಲೋಟ ತೊಳೆದ ಕೈಯಲ್ಲಿ ಸ್ಲೇಟು ಹಿಡಿದು ಕುಳಿತ ಆ ತರಗತಿಗಳ ಬಗೆಗೆ, ತಮ್ಮೊಡನೆ ಕಲಿತವರ ಹೆಸರುಗಳ ಬಗೆಗೆ ಬರೆದಿದ್ದೆನೆಂದು ಅವರು ಹೇಳಿದರು. “ಮತ್ತೊಮ್ಮೆ ಬರೆಯಿರಿ,” ಎಂದೆ. “ಆಗ ನೆನಪಿದ್ದ ಹೆಸರುಗಳು ಈಗ ನೆನಪಿಲ್ಲವಲ್ಲ,” ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಚಕ್ರ ನಿಂತಿಲ್ಲ. ಎಕ್ಸ್‌ಪಿಯ ಪೋಷಣೆಯನ್ನು ಅದರ ತಯಾರಕರು ೨೦೧೪ರ ಏಪ್ರಿಲಿನಲ್ಲಿ ನಿಲ್ಲಿಸಿದರು. ಬ್ಯಾಂಕುಗಳ ಎ.ಟಿ.ಎಂ.ಗಳಲ್ಲಿಯೇ ಅದು ಉಳಿದುಕೊಂಡಿದ್ದ ಕಾರಣ, ೨೦೧೮ರ ಜೂನಿನಲ್ಲಿ ರಿಸರ್ವ್ ಬ್ಯಾಂಕು ಅವುಗಳನ್ನು ಹಂತಹಂತವಾಗಿ ಬದಲಾಯಿಸಬೇಕೆಂದು ಗಡುವು ವಿಧಿಸಬೇಕಾಯಿತು. ಕೋಟ್ಯಂತರ ಬಂಡವಾಳವುಳ್ಳ ಬ್ಯಾಂಕುಗಳಿಗೇ ಹೊಸತನ್ನು ಹೂಡಲು ನಾಲ್ಕು ವರ್ಷ ಸಾಲಲಿಲ್ಲವೆಂದ ಮೇಲೆ, ಪಿಂಚಣಿದಾರನ ವಿಳಂಬವನ್ನು ಅಜ್ಞಾನವೆಂದು ಕರೆಯಬಹುದೆ? ಕರಾವಳಿಯ ಬ್ಯಾಂಕುಗಳಲ್ಲಿ ವಿಜಯ ಬ್ಯಾಂಕು ೨೦೧೯ರಲ್ಲಿಯೂ ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳು ೨೦೨೦ರಲ್ಲಿಯೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದಾಗ, ಹಳೆಯ ಗ್ರಾಹಕರು ಮೊಬೈಲಿನ ಹಳೆಯ ಆ್ಯಪನ್ನು ತೆಗೆದು ಹೊಸತನ್ನು ಹೂಡಬೇಕಾಯಿತು. ೨೦೨೫ರ ಅಕ್ಟೋಬರಿನಲ್ಲಿ ವಿಂಡೋಸ್ ೧೦ರ ಸಾಮಾನ್ಯ ಪೋಷಣೆಯೂ ಮುಗಿಯಿತು. ಮುಂದಿನ ಆವೃತ್ತಿ ಯಂತ್ರದಲ್ಲಿ ಒಂದು ಬಗೆಯ ರಕ್ಷಣಾ ಚಿಪ್ಪು ಇರಬೇಕೆಂದು ವಿಧಿಸುವುದರಿಂದ, ಚೆನ್ನಾಗಿಯೇ ನಡೆಯುತ್ತಿರುವ ಹಳೆಯ ಯಂತ್ರಗಳು ಅದಕ್ಕೆ ಅನರ್ಹವಾಗಿವೆ.

ತಯಾರಕರ ಪಕ್ಷದಲ್ಲಿಯೂ ಹೇಳಬೇಕಾದ ಮಾತಿದೆ. ಹಳೆಯದನ್ನು ಬಿಡದೆ ಸುರಕ್ಷಿತವಾದ ಹೊಸತನ್ನು ಕಟ್ಟಲಾಗದು. ಕನ್ನಡದ ಲಿಪಿ ಯಂತ್ರಕ್ಕೆ ಕಠಿನವೆಂಬುದೂ ಸುಳ್ಳಲ್ಲ. ಒಳ್ಳೆಯದೂ ಆಗಿದೆ. ೨೦೧೨ರಲ್ಲಿ ಆಂಡ್ರಾಯ್ಡಿನ ೪.೧ನೆಯ ಆವೃತ್ತಿಯಲ್ಲಿ ಕನ್ನಡದ ಅಕ್ಷರಗಳು ಸೇರಿದ ಮೇಲೆ, ಫೋನಿನಲ್ಲಿ ಖಾಲಿ ಚೌಕಗಳನ್ನು ಕಾಣುತ್ತಿದ್ದವರು ಏನನ್ನೂ ಹೂಡದೆ ಕನ್ನಡ ಓದುವಂತಾಯಿತು. ನಮ್ಮ ಪಾಲಿನ ಲೋಪವನ್ನೂ ಒಪ್ಪಬೇಕು. ಇಂಗ್ಲಿಷ್ ಬಲ್ಲ ನಾವು ಅಂಗಡಿಯಲ್ಲಿ ಕನ್ನಡವನ್ನು ಕೇಳಲಿಲ್ಲ. ಕೇಳುವವರಿಲ್ಲದ ಸರಕನ್ನು ಯಾರೂ ಕಪಾಟಿನಲ್ಲಿಡುವುದಿಲ್ಲ.

೮

ಮೇಲಿನ ವಿವೇಚನೆಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆಂದು ನಂಬಿದ್ದೇನೆ. ಸಾಮಾನ್ಯನು ತನ್ನ ಅಜ್ಞಾನವೆಂದು ತಿಳಿದುದು ಬಹುಮಟ್ಟಿಗೆ ಬೇರೆಲ್ಲಿಯೋ, ಬೇರೆ ಯಾರೋ ಮಾಡಿದ ನಿರ್ಧಾರಗಳ ಫಲ. ಕೋಷ್ಟಕಗಳು ಹಲವಾದುದು, ಮೂಲ ಡಿಸ್ಕು ಕೈಸೇರದುದು, ಕನ್ನಡದ ಹೆಸರೇ ಇಲ್ಲದ ಸಾಲಿನಡಿಯಲ್ಲಿ ಕನ್ನಡವನ್ನು ಇರಿಸಿದುದು, ಇವು ಯಾವುವೂ ಅವನ ಕೈಯಲ್ಲಿರಲಿಲ್ಲ. ಅವನ ಕೈಯಲ್ಲಿದ್ದುದು ಬರೆಯುವುದು. ಅದನ್ನು ಅವನು ಮಾಡಿದನು.

ಉಳಿಸುವ ಕೆಲಸ ನಮ್ಮದು. ಮಾಟುಂಗದಿಂದ ಮೀರಾ ರೋಡಿನವರೆಗೆ, ಡೊಂಬಿವಿಲಿಯವರೆಗೆ, ನಮ್ಮ ಸಂಘಗಳ ಕಪಾಟುಗಳಲ್ಲಿಯೂ ಸದಸ್ಯರ ಮನೆಗಳಲ್ಲಿಯೂ ೧೯೯೦ರಿಂದ ೨೦೧೦ರವರೆಗಿನ ಕನ್ನಡ ಬರಹ ಹಳೆಯ ಫಾಂಟುಗಳಲ್ಲಿ, ಫ್ಲಾಪಿ ಸಿ.ಡಿ.ಗಳಲ್ಲಿ ಬಿದ್ದಿದೆ. ಸ್ಮರಣಸಂಚಿಕೆಗಳು, ನಾಟಕಗಳು, ವರದಿಗಳು, ಆತ್ಮಕಥೆಗಳು. ಅಚ್ಚಾದುದು ಕಾಗದದಲ್ಲಾದರೂ ಉಳಿದೀತು. ಅಚ್ಚಾಗದುದಕ್ಕೆ ಬೇರೆ ಆಸರೆಯಿಲ್ಲ. ಪ್ರತಿಯೊಂದು ಸಂಘವೂ ತಿಂಗಳಿಗೊಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಟ್ಟು, ಬಲ್ಲ ತರುಣರಿಬ್ಬರನ್ನು ಕೂರಿಸಿ, ತಂದವರ ಬರಹವನ್ನು ಯೂನಿಕೋಡಿಗೆ ಇಳಿಸಿ, ಒಂದು ಪ್ರತಿಯನ್ನು ಕಾಗದದಲ್ಲಿಯೂ ತೆಗೆದಿಡಬೇಕೆಂದು ಸೂಚಿಸುತ್ತೇನೆ. ಯಾವ ಫಾಂಟಿನಲ್ಲಿ, ಯಾವ ತಂತ್ರಾಂಶದಲ್ಲಿ ಬರೆದುದೆಂಬುದನ್ನು ಅದರ ಮೊದಲ ಪುಟದಲ್ಲಿ ನಮೂದಿಸಬೇಕು. ಇದಕ್ಕೆ ದೊಡ್ಡ ಅನುದಾನ ಬೇಡ, ತಡಮಾಡದಿದ್ದರೆ ಸಾಕು. ಆ ಮೂರು ಫ್ಲಾಪಿಗಳು ಎರಡು ವರ್ಷ ಮೊದಲೇ ನನ್ನ ಕೈಗೆ ಬಂದಿದ್ದರೆ ರಾತ್ರಿಶಾಲೆಯ ಆ ಹುಡುಗರ ಹೆಸರುಗಳನ್ನು ಈ ಪುಟದಲ್ಲಿಯೇ ಬರೆಯಬಹುದಾಗಿತ್ತೋ ಏನೋ.